ಹಾಳೆಯಲ್ಲಿ ಇಲ್ಲದ ಆರನೇ ನಡೆ

ನಾನು ಮಕ್ಕಳಿಗೆ ಚೆಸ್ ಕಲಿಸುತ್ತೇನೆ. ಮೊದಮೊದಲು ಪ್ರತಿ ಓಪನಿಂಗ್‌ಗೂ, ಅಂದರೆ ಆಟ ಶುರುಮಾಡುವ ಒಂದೊಂದು ಕ್ರಮಕ್ಕೂ, ಒಂದೊಂದು ಹಾಳೆ ಬರೆದು ಕೊಡುತ್ತಿದ್ದೆ. ಮಕ್ಕಳು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡು ಬರುತ್ತಿದ್ದರು.

ಒಂದು ಟೂರ್ನಮೆಂಟ್‌ನಲ್ಲಿ ನನ್ನ ಹತ್ತಿರ ಕಲಿಯುತ್ತಿದ್ದ ಹುಡುಗಿಗೆ ಕಪ್ಪು ಕಾಯಿ ಬಂತು. ಆಟ ಟೂ ನೈಟ್ಸ್ ಡಿಫೆನ್ಸ್ ಅನ್ನುವ ಓಪನಿಂಗ್. ಬಿಳಿ ಕುದುರೆ ಜಿ5 ಮನೆಗೆ ಹಾರಿತು (ಅಕ್ಷರ, ಅಂಕಿ ಸೇರಿದರೆ ಬೋರ್ಡಿನ ಒಂದು ಮನೆಯ ಹೆಸರು), ಅದರ ಕಣ್ಣೆಲ್ಲ ಕಪ್ಪು ರಾಜನ ಪಕ್ಕದ ಎಫ್7 ಮೇಲೆ. ಇವಳು ಪಾನನ್ನು (ಕಾಲಾಳನ್ನು) ಡಿ5ಕ್ಕೆ ತಳ್ಳಿದಳು. ಬಿಳಿ ಪಾನ್ ಅದನ್ನು ಹೊಡೆಯಿತು. ಅಲ್ಲಿ ಕುದುರೆಯಿಂದ ತಿರುಗಿ ಹೊಡೆಯೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ. ಹೊಡೆದರೆ ಬಿಳಿ ಕುದುರೆ ಎಫ್7ಕ್ಕೆ ನುಗ್ಗಿ, ರಾಜನನ್ನು ಬೋರ್ಡಿನ ನಡುವಿಗೆ ಎಳೆದು ತರುತ್ತದೆ. ಅವಳು ಹೊಡೆಯಲಿಲ್ಲ. ಹಾಳೆಯಲ್ಲಿದ್ದಂತೆ ಇನ್ನೊಂದು ಕುದುರೆಯನ್ನು ಎ5ಕ್ಕೆ ಇಟ್ಟು ಬಿಷಪ್ ಮೇಲೆ ಬಿದ್ದಳು.

ಹಾಳೆಯ ಪ್ರಕಾರ ಮುಂದೆ, ಬಿಳಿಯ ಆರನೇ ನಡೆಯಲ್ಲಿ, ಆ ಬಿಷಪ್ ಬಿ5ಕ್ಕೆ ಬಂದು ಚೆಕ್ ಕೊಡಬೇಕಿತ್ತು. ಎದುರಾಳಿ ಅದರ ಬದಲು ಪಾನನ್ನು ಡಿ3ಕ್ಕೆ ಇಟ್ಟ. 19ನೇ ಶತಮಾನದಲ್ಲೇ ಅಮೆರಿಕದ ಹೆಸರಾಂತ ಆಟಗಾರ ಪಾಲ್ ಮಾರ್ಫಿ ಆಡಿದ್ದ ಒಳ್ಳೆಯ ನಡೆ ಅದು. ಅವಳು 20 ನಿಮಿಷ ಕೂತಳು. ಆಮೇಲೆ ಬಿಷಪ್ ಹೊಡೆದು, ಸಿಕ್ಕ ಸಿಕ್ಕ ಕಾಯಿಗಳನ್ನೆಲ್ಲ ಬದಲಾಯಿಸಿಕೊಳ್ಳುತ್ತಾ ಹೋದಳು. ಕೊನೆಗೆ ಉಳಿದದ್ದು ಒಂದು ಪಾನ್ ಕಮ್ಮಿ ಇರುವ ಎಂಡ್‌ಗೇಮ್, ಅಂದರೆ ಕೆಲವೇ ಕಾಯಿ ಉಳಿದ ಕೊನೆಯ ಹಂತ. ಸೋತಳು.

“ಸರ್, ಆ ನಡೆ ಹಾಳೆಯಲ್ಲಿ ಇರ್ಲಿಲ್ಲ” ಅಂದಳು.

ತಪ್ಪು ನನ್ನದೇ. ಇಲ್ಲಿ ಕಪ್ಪು ಸುಮ್ನೆ ಪಾನ್ ಬಿಟ್ಟುಕೊಡುವುದಿಲ್ಲ. ಬಿಳಿಯ ಕುದುರೆ, ಬಿಷಪ್ ಅತ್ತಿತ್ತ ಓಡಾಡುವಷ್ಟರಲ್ಲಿ ತನ್ನ ಕಾಯಿಗಳನ್ನು ಬೇಗ ಹೊರಗೆ ತರುತ್ತದೆ. ಪಾನನ್ನು ಎಚ್6ಕ್ಕೆ ಇಟ್ಟು ಕುದುರೆಯನ್ನು ಓಡಿಸಬಹುದು, ಇನ್ನೊಂದನ್ನು ಇ4ಕ್ಕೆ ತಳ್ಳಿ ಮತ್ತೆ ಅದನ್ನೇ ಕೆಣಕಬಹುದು. ಅಂಥ ಕಡೆ ಕಾಯಿ ಬದಲಾಯಿಸಿಕೊಂಡಷ್ಟೂ ಲಾಭ ಎದುರಾಳಿಗೇ ಅಲ್ವಾ? ಇದನ್ನು ನಾನು ಅವಳಿಗೆ ಒಂದು ಸಲವೂ ಹೇಳಿರಲಿಲ್ಲ.

ಹಾಗಂತ ಓಪನಿಂಗ್ ಓದುವುದೇ ದಂಡ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಮುಂದಿನ ಆಟದ ದಾರಿ ಅಲ್ಲೇ ಹುಟ್ಟುತ್ತದೆ. ಕ್ವೀನ್ಸ್ ಗ್ಯಾಂಬಿಟ್ ಅನ್ನುವ ಓಪನಿಂಗ್‌ನ ಎಕ್ಸ್‌ಚೇಂಜ್ ವೇರಿಯೇಷನ್ ಎಂಬ ಕವಲಿನಲ್ಲಿ ಬಿಳಿ ತನ್ನ ಬಿ ಪಾನನ್ನು ಬಿ5ವರೆಗೆ ತಳ್ಳುವುದು ಸಿ6ರಲ್ಲಿರುವ ಪಾನನ್ನು ಬಲಹೀನ ಮಾಡಲಿಕ್ಕೆ. ಇದು ತಿಳಿದ ಹುಡುಗ 15ನೇ ನಡೆಯಲ್ಲೂ ತಡಕಾಡುವುದಿಲ್ಲ.

ಈಗ ಹಾಳೆ ಕೊಡುವುದಿಲ್ಲ. ಪ್ರತಿ ನಡೆಗೂ “ಯಾಕೆ?” ಅಂತ ಕೇಳುತ್ತೇನೆ. ಆಟ ಮುಗಿದ ಮೇಲೆ, ಗೊತ್ತಿದ್ದ ದಾರಿ ಎಲ್ಲಿ ಬಿಟ್ಟುಹೋಯಿತು ಅಂತ ಇಬ್ಬರೂ ಹುಡುಕಿ, ಅಲ್ಲಿಂದ ಒಂದೆರಡು ನಡೆ ಮಾತ್ರ ಹೊಸದಾಗಿ ಕಲಿಯುತ್ತೇವೆ. ಒಂದು ಗಂಟೆಯ ಕ್ಲಾಸಿನಲ್ಲಿ ಇದಕ್ಕೆ 15 ನಿಮಿಷ. ಉಳಿದದ್ದು ಟ್ಯಾಕ್ಟಿಕ್ಸ್‌ಗೆ (ಒಂದೆರಡು ನಡೆಯಲ್ಲೇ ಕಾಯಿ ಗೆಲ್ಲುವ ಹೂಟಗಳಿಗೆ), ಎಂಡ್‌ಗೇಮ್‌ಗೆ.