ಜನವರಿಯ ಸಮ್ಮರ್ ಕ್ಯಾಂಪ್

ಅಮೆರಿಕದ ನ್ಯೂ ಹ್ಯಾಂಪ್‌ಶೈರ್, ಮೇನ್ ರಾಜ್ಯಗಳ ಸರೋವರದ ದಂಡೆಗಳಲ್ಲಿ ಸಮ್ಮರ್ ಕ್ಯಾಂಪ್‌ಗಳು ಹಳೆಯ ಸಂಪ್ರದಾಯ. ಅರ್ನೆಸ್ಟ್ ಬಾಲ್ಚ್ ಅವರು ನ್ಯೂ ಹ್ಯಾಂಪ್‌ಶೈರ್‌ನ ಸ್ಕ್ವಾಮ್ ಸರೋವರದ ದ್ವೀಪವೊಂದರಲ್ಲಿ ಕ್ಯಾಂಪ್ ಚೊಕೊರುವಾ ಶುರುಮಾಡಿದ್ದು 1881ರಲ್ಲಿ. ನಮ್ಮ ಊರುಗಳ ಬೇಸಿಗೆ ಶಿಬಿರದ ಹಾಗೆ ಸಂಜೆ ಮನೆಗೆ ಬರುವಂಥದ್ದಲ್ಲ. ಮಕ್ಕಳು ವಾರಗಟ್ಟಲೆ ಮರದ ಕ್ಯಾಬಿನ್‌ಗಳಲ್ಲೇ ಇರುತ್ತಾರೆ. ಆಗಸ್ಟ್ ಮುಗಿಯುವ ಹೊತ್ತಿಗೆ ಎಲ್ಲ ಖಾಲಿ.

ಇಂಥ ಹಳೆಯ ಕ್ಯಾಬಿನ್‌ಗಳಿಗೆ ಒಂದೇ ಪದರ ಹಲಗೆಯ ಗೋಡೆ, ಕಿಟಕಿಗೆ ಬರೀ ಸೊಳ್ಳೆಪರದೆ. ಚಳಿಗಾಲದಲ್ಲಿ ಒಳಗೂ ಹೊರಗೂ ಒಂದೇ ಚಳಿ. ಜನವರಿಯ ಅಂದಕ್ಕೆ ಕಾರಣವೂ ಇದೇ: ಕೆಳಗಿನಿಂದ ಶಾಖ ತಾಗದ್ದರಿಂದ ಚಾವಣಿಯ ಹಿಮ ಬಿದ್ದ ಹಾಗೇ ದಿನಗಟ್ಟಲೆ ಕೂತಿರುತ್ತದೆ. ಹಿಮಗಡ್ಡೆಯ ಕೋಲುಗಳು ಸಾಲಾಗಿ ಇಳಿಬಿದ್ದಿರುವುದು ಹೆಚ್ಚಾಗಿ ಚಳಿಗಾಲದಲ್ಲೂ ಬೆಚ್ಚಗಿಡುವ ಮೇಲ್ವಿಚಾರಕರ ಮನೆಯಲ್ಲಿ. ನೋಡಲು ಚಂದ, ಆದರೆ ಅವು ಅಟ್ಟದಿಂದ ಶಾಖ ಸೋರುತ್ತಿರುವ ಗುರುತು. ಕರಗಿದ ನೀರು ತಣ್ಣನೆಯ ಸೂರಿನಂಚಿಗೆ ಬಂದು ಮತ್ತೆ ಗಡ್ಡೆಕಟ್ಟುತ್ತದೆ, ಹಿಂದಿನ ನೀರು ದಾರಿ ಸಿಗದೆ ಹೊದಿಕೆಯ ಅಡಿಗೆ ನುಗ್ಗುತ್ತದೆ.

ಹಿಮದ ದಪ್ಪ ನೋಡಿ ಭಾರ ಅಂದಾಜು ಮಾಡಬೇಡಿ. 30 ಸೆಂ.ಮೀ. ಒಣ ಹಿಮ ಚದರ ಮೀಟರಿಗೆ ಸುಮಾರು 30 ಕೆ.ಜಿ. ಇದ್ದರೆ, ಅಷ್ಟೇ ದಪ್ಪದ ನೆನೆದ ಹಿಮ 100 ಕೆ.ಜಿ. ದಾಟಬಹುದು. ಹೆಚ್ಚು ಚಿಂತೆ ಊಟದ ಹಾಲ್‌ನದು, ಏಕೆಂದರೆ ಅದರ ತೊಲೆಗಳು ಉದ್ದ. ಉದ್ದ ಹಿಡಿಯ ಹಿಮಗೋರೆಯಿಂದ ನೆಲದಲ್ಲೇ ನಿಂತು ಎರಡೂ ಇಳಿಜಾರುಗಳನ್ನು ಸರಿಸಮವಾಗಿ ಎಳೆಯಬೇಕು. ಒಂದೇ ಕಡೆ ಖಾಲಿ ಮಾಡಿದರೆ ಭಾರ ವಾಲುತ್ತದೆ. ಕೊನೆಯ ಐದಾರು ಸೆಂ.ಮೀ. ಬಿಟ್ಟುಬಿಡಿ, ಇಲ್ಲವಾದರೆ ಹೊದಿಕೆಯೇ ಕಿತ್ತುಬರುತ್ತದೆ.

ಈ ಮೌನವೆಲ್ಲ ನಿಂತಿರುವುದು ಅಕ್ಟೋಬರ್‌ನ ಕೆಲಸದ ಮೇಲೆ. ನೀರು ಗಡ್ಡೆಕಟ್ಟಿದರೆ ಶೇ. 9ರಷ್ಟು ಹಿಗ್ಗುತ್ತದೆ, ಪೈಪು ಒಡೆಯಲು ಅಷ್ಟು ಸಾಕು. ಮೊದಲು ವಾಟರ್ ಹೀಟರ್‌ನ ಕರೆಂಟ್ ತೆಗೆಯಿರಿ (ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಸುಟ್ಟುಹೋಗುತ್ತದೆ), ಆಮೇಲೆ ಪಂಪ್ ನಿಲ್ಲಿಸಿ, ಎಲ್ಲ ನಲ್ಲಿ ತೆರೆದು ತೀರಾ ತಗ್ಗಿನ ಜಾಗದಿಂದ ನೀರು ಹರಿಸಿ, ಉಳಿದದ್ದನ್ನು ಕಂಪ್ರೆಸರ್ ಗಾಳಿಯಿಂದ ಊದಿ ತೆಗೆಯಬೇಕು. ಸಿಂಕ್‌ನ ಕೆಳಗಿನ ಬಾಗಿದ ಪೈಪಿಗೆ ಅರ್ಧ ಲೀಟರಿನಷ್ಟು ಗುಲಾಬಿ ಬಣ್ಣದ ಪ್ರೊಪಿಲೀನ್ ಗ್ಲೈಕಾಲ್ ಆಂಟಿಫ್ರೀಝ್ (ಚಳಿಗೆ ಸುಲಭವಾಗಿ ಗಡ್ಡೆಕಟ್ಟದ ದ್ರವ) ಸುರಿಯಿರಿ. ಕಾರಿನದು ಬೇಡ, ಅದರಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ವಿಷ. ಅನುಭವಸ್ಥರೂ ಎಡವುವುದು ಬಾಲ್ ವಾಲ್ವ್‌ನಲ್ಲಿ, ಅಂದರೆ ತೂತಿರುವ ಗುಂಡೊಂದು ಒಳಗೆ ತಿರುಗಿ ನೀರನ್ನು ಬಿಡುವ, ತಡೆಯುವ ವಾಲ್ವ್‌ನಲ್ಲಿ. ಪೂರ್ತಿ ಮುಚ್ಚಿದರೆ ಒಳಗಿನ ಗುಂಡಿನಲ್ಲಿ ಒಂದು ಗುಟುಕು ನೀರು ಸಿಕ್ಕಿಕೊಂಡು ವಾಲ್ವನ್ನೇ ಸೀಳುತ್ತದೆ. ಹಿಡಿಯನ್ನು 45 ಡಿಗ್ರಿಗೆ ಅರೆತೆರೆದು ಬಿಡಬೇಕು. ಮರೆತರೆ ಗೊತ್ತಾಗುವುದು ಮೇ ತಿಂಗಳಲ್ಲಿ, ಪಂಪ್ ಹಾಕಿದಾಗ.

ತೇಲುವ ಕಟ್ಟೆಗಳನ್ನು ದಡಕ್ಕೆ ಎಳೆದಿರಬೇಕು, ದೋಣಿಗಳನ್ನು ಸ್ಟ್ಯಾಂಡಿನ ಮೇಲೆ ಬೋರಲು ಹಾಕಿರಬೇಕು. ಹಾಸಿಗೆಗಳ ವಿಷಯದಲ್ಲಿ ಇಲಿಗಳೊಂದಿಗೆ ಪ್ರತಿವರ್ಷದ ಯುದ್ಧ.

ನೋಡಲು ಹೋಗುವುದಾದರೆ ಮೊದಲು ಅನುಮತಿ ಕೇಳಿ. ಹೆಚ್ಚಿನವು ಖಾಸಗಿ ಜಾಗ. ಹಿಮ ಬಿದ್ದ ಮರುದಿನದ ಬೆಳಗು ಒಳ್ಳೆಯದು. ಹೊಸ ಹಿಮದ ಸಣ್ಣ ಸಣ್ಣ ಪೊಳ್ಳುಗಳು ಸದ್ದನ್ನು ನುಂಗುವುದರಿಂದ ಚಿಕಡೀ ಹಕ್ಕಿಯ ಕೂಗೂ ಹತ್ತಿರದ್ದಷ್ಟೇ ಕೇಳುತ್ತದೆ. ಬೇಸಿಗೆಯಲ್ಲಿ ಕೂಗುತ್ತಿದ್ದ ಲೂನ್ ಹಕ್ಕಿಗಳು ಆಗ ಸಮುದ್ರದ ಕಡೆ ಹೋಗಿರುತ್ತವೆ. ಎಳೆಯ ಬೀಚ್ ಮರಗಳು ಮಾತ್ರ ಒಣಗಿದ ತಿಳಿಕಂದು ಎಲೆ ಉದುರಿಸದೆ ನಿಂತಿರುತ್ತವೆ. ಆ ಬಿಳುಪಿನಲ್ಲಿ ಎದ್ದು ಕಾಣುವ ಬಣ್ಣ ಅದು. ಹಿಮಮೊಲದ ಹೆಜ್ಜೆಯಲ್ಲಿ ದೊಡ್ಡ ಹಿಂಗಾಲಿನ ಗುರುತು ಮುಂದೆ, ಸಣ್ಣ ಮುಂಗಾಲಿನದು ಹಿಂದೆ ಇರುತ್ತದೆ. ದಾರಿ ಓದುವಾಗ ತಿರುಗುಮುರುಗಾಗದಿರಲಿ.

ಸರೋವರದ ಮೇಲೆ ಕಾಲಿಡಲು ಸ್ವಚ್ಛ, ಕಪ್ಪನೆಯ ಗಡ್ಡೆ ಕನಿಷ್ಠ 10 ಸೆಂ.ಮೀ. ಇರಬೇಕು, ಬಿಳಿಯದಾದರೆ ಅದರ ಎರಡರಷ್ಟು. ಅಲ್ಲಲ್ಲಿ ಕೊರೆದು ಅಳೆಯಿರಿ. ಹಳ್ಳ ಬಂದು ಸೇರುವ ಬಾಯಿಯಲ್ಲಿ ಅಳತೆಯನ್ನೂ ನಂಬಬೇಡಿ. ರಾತ್ರಿ ಚಳಿ ಇದ್ದಕ್ಕಿದ್ದಂತೆ ಏರಿದಾಗ ಗಡ್ಡೆ ಕುಗ್ಗಿ ಬಿರುಕುಬಿಡುತ್ತದೆ, ದೂರದ ಗುಡುಗಿನಂಥ ಸದ್ದು ದಂಡೆಯುದ್ದಕ್ಕೂ ಓಡುತ್ತದೆ. ಅದನ್ನು ಕೇಳಬೇಕೆಂದರೆ ಗಡ್ಡೆಯ ಮೇಲೆ ದಪ್ಪ ಹಿಮ ಕೂರುವ ಮೊದಲೇ ಹೋಗಬೇಕು. ಆ ಹೊದಿಕೆ ಬಿದ್ದ ಮೇಲೆ ಸರೋವರವೂ ಮಾತು ಕಡಿಮೆ ಮಾಡುತ್ತದೆ.