648 ಮೆಗಾಹರ್ಟ್ಸ್‌ನ ಸೋರಿಕೆ: ಬಳ್ಳಾರಿ ಬೆಂಚಿನ ಶೀಲ್ಡ್ ಡಬ್ಬಿ, ಐದನೇ ವಾರದವರೆಗೆ

ಎಚ್‌ಎಫ್ (ಶಾರ್ಟ್‌ವೇವ್) ರಿಸೀವರ್ ಪಕ್ಕದಲ್ಲೇ ಕೂರುವ ಆಂಟೆನಾ ಟ್ಯೂನರ್ ನಿಯಂತ್ರಕಕ್ಕೆ, ಅದರ ರೇಡಿಯೋ ಗದ್ದಲ ಹೊರಗೆ ಸೋರದಂತೆ ತಡೆಯುವ 230 × 150 × 80 ಮಿ.ಮೀ. ಶೀಲ್ಡ್ ಡಬ್ಬಿ ಬೇಕು. ಒಳಗಿರುವುದು 24 ಮೆಗಾಹರ್ಟ್ಸ್ ಆಸಿಲೇಟರ್‌ನ ಮೈಕ್ರೋಕಂಟ್ರೋಲರ್ ಬೋರ್ಡ್ ಮತ್ತು 12 ವೋಲ್ಟನ್ನು 5ಕ್ಕೆ ಇಳಿಸುವ ಎಲ್‌ಎಂ2596 ಮಾಡ್ಯೂಲ್. ಸಾಮಗ್ರಿ ಆರಿಸುವ ಕ್ರಮ ಮಾತ್ರ ಮಿಲಿಟರಿ ಉಪಕರಣಗಳದ್ದು. ಅಮೆರಿಕದ ಮಿಲಿಟರಿ ಮಾನದಂಡವಾದ 2015ರ ಮಿಲ್-ಎಸ್‌ಟಿಡಿ-461ಜಿ ಇಂಥದೇ ಲೋಹ ಹಾಕು, ಇಷ್ಟೇ ದಪ್ಪ ಇಡು ಎಂದು ಎಲ್ಲೂ ಹೇಳುವುದಿಲ್ಲ. ಎಷ್ಟು ಸೋರಬಹುದು, ಎಷ್ಟು ತಾಳಬೇಕು ಎಂದಷ್ಟೇ ಹೇಳುತ್ತದೆ. ಸುತ್ತಲಿಗೆ ಸೂಸುವ ಸೋರಿಕೆಯನ್ನು ಅಳೆಯುವ ಅದರ ಆರ್‌ಇ102 ಪರೀಕ್ಷೆ 10 ಕಿಲೋಹರ್ಟ್ಸ್‌ನಿಂದ 18 ಗಿಗಾಹರ್ಟ್ಸ್‌ವರೆಗೆ ಹರಡಿದೆ. ವಿಧಿವತ್ತಾದ ಅಳತೆಗೆ ಚೆನ್ನೈನ ಸಮೀರ್‌ನಂಥ ಪ್ರಯೋಗಾಲಯವೇ ಬೇಕು. ಇಲ್ಲಿರುವುದು ಟೈನಿಎಸ್‌ಎ ಎಂಬ ಪುಟ್ಟ ಸ್ಪೆಕ್ಟ್ರಮ್ ಅನಲೈಸರ್ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಇದೆ ಎಂದು ಗೀಟುಗಳಲ್ಲಿ ತೋರಿಸುವ ಉಪಕರಣ), ಆರ್‌ಜಿ-316 ತುಂಡಿನಿಂದ ಮಾಡಿದ ಲೂಪ್ ಪ್ರೋಬ್, ಒಂದು ಮಲ್ಟಿಮೀಟರ್. ಹಾಗಾಗಿ ಕೆಳಗಿನ ಡೆಸಿಬಲ್‌ಗಳೆಲ್ಲ ಒಂದನ್ನೊಂದು ಹೋಲಿಸಲು ಮಾತ್ರ.

ಮೊದಲ ವಾರ: ಶೀಟ್

ಮೂರು ಆಯ್ಕೆ ಇದ್ದವು: 1.6 ಮಿ.ಮೀ. 5052 ಅಲ್ಯೂಮಿನಿಯಂ, 0.5 ಮಿ.ಮೀ. ಜಿಐ (ಸತು ಲೇಪಿಸಿದ ಉಕ್ಕಿನ) ಶೀಟ್, ಪ್ಲಾಸ್ಟಿಕ್ ಡಬ್ಬಿಗೆ ಒಳಗಿನಿಂದ ಫಾಯಿಲ್. ಲೆಕ್ಕ ಸ್ಕಿನ್ ಡೆಪ್ತ್‌ನಿಂದ, ಅಂದರೆ ಅಲೆ ಲೋಹದೊಳಗೆ ಎಷ್ಟು ಆಳ ಇಳಿಯುತ್ತದೆ ಎಂಬ ಅಳತೆಯಿಂದ ಶುರು. ಒಂದೊಂದು ಸ್ಕಿನ್ ಡೆಪ್ತ್ ದಪ್ಪಕ್ಕೆ 8.7 ಡೆಸಿಬಲ್ ಹೀರಿಕೆ. ಎಲ್‌ಎಂ2596 ಓಡುವುದು 150 ಕಿಲೋಹರ್ಟ್ಸ್‌ನಲ್ಲಿ. ಅಲ್ಲಿ 5052ರ ಸ್ಕಿನ್ ಡೆಪ್ತ್ ಸುಮಾರು 0.29 ಮಿ.ಮೀ., ಅಂದರೆ 1.6 ಮಿ.ಮೀ. ಶೀಟಿಗೆ 48 ಡೆಸಿಬಲ್. ಅಡುಗೆಮನೆಯ 11 ಮೈಕ್ರಾನ್ ಫಾಯಿಲ್‌ಗೆ ಅರ್ಧ ಡೆಸಿಬಲ್ ಕೂಡ ದಕ್ಕುವುದಿಲ್ಲ. ಎಲೆಕ್ಟ್ರಿಕ್ ಫೀಲ್ಡ್‌ಗೆ ಫಾಯಿಲ್ ಚೆನ್ನಾಗಿಯೇ ತಡೆ. ಆದರೆ ವೋಲ್ಟೇಜ್ ಇಳಿಸುವ ಈ ಮಾಡ್ಯೂಲ್‌ನ ಇಂಡಕ್ಟರ್ (ಸುರುಳಿ) ಪಕ್ಕದಲ್ಲಿ ಇರುವುದು ಮ್ಯಾಗ್ನೆಟಿಕ್ ಫೀಲ್ಡ್, ಅದನ್ನು ಫಾಯಿಲ್ ಅಷ್ಟಾಗಿ ತಡೆಯಲಾರದು.

ಉಕ್ಕಿಗೆ ಪರ್ಮಿಯಬಿಲಿಟಿ (ಮ್ಯಾಗ್ನೆಟಿಕ್ ಫೀಲ್ಡನ್ನು ತನ್ನೊಳಗೆ ಎಳೆದುಕೊಳ್ಳುವ ಗುಣ) 200 ಎಂದು ಹಿಡಿದರೆ ಅದೇ 150 ಕಿಲೋಹರ್ಟ್ಸ್‌ನಲ್ಲಿ ಸ್ಕಿನ್ ಡೆಪ್ತ್ 0.03 ಮಿ.ಮೀ. ಆಸುಪಾಸು. ಕಾಗದದ ಮೇಲೆ ಜಿಐ ಶೀಟೇ ಗೆಲ್ಲುತ್ತದೆ, ಉಕ್ಕಿನ ಊರಲ್ಲಿ ಅದು ಸುಲಭವಾಗಿ ಸಿಗುತ್ತದೆ ಕೂಡ. ಆದರೂ ಅಲ್ಯೂಮಿನಿಯಂ ಆರಿಸಿದೆವು. 48 ಡೆಸಿಬಲ್ ಈ ಕೆಲಸಕ್ಕೆ ಸಾಕು. ಜಿಐ ಶೀಟ್ ಕತ್ತರಿಸಿದ ಅಂಚಿನಲ್ಲಿ ಸತು ಇರುವುದಿಲ್ಲ, ಮೊದಲ ಮಳೆಗಾಲಕ್ಕೇ ಅಲ್ಲಿ ತುಕ್ಕು, ತುಕ್ಕು ಬಂದಲ್ಲಿ ವಿದ್ಯುತ್ ಸಂಪರ್ಕ ಹೋಯಿತು. ಮ್ಯೂಮೆಟಲ್ ಎಂಬ ನಿಕಲ್-ಕಬ್ಬಿಣದ ಮಿಶ್ರಲೋಹ ನಮ್ಮ ಪಟ್ಟಿಯಲ್ಲೇ ಇರಲಿಲ್ಲ. ಅದು ಬೇಕಾಗುವುದು 50 ಹರ್ಟ್ಸ್ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ. ಬಗ್ಗಿಸಿದರೆ, ಕೆಳಗೆ ಬೀಳಿಸಿದರೆ ಪರ್ಮಿಯಬಿಲಿಟಿ ಕುಸಿಯುತ್ತದೆ; ಮರಳಿ ಪಡೆಯಲು ಹೈಡ್ರೋಜನ್ ಕುಲುಮೆಯಲ್ಲಿ ಅನೀಲ್ ಮಾಡಬೇಕು, ಅಂದರೆ ಕಾಯಿಸಿ ನಿಧಾನಕ್ಕೆ ತಣಿಸಬೇಕು.

ಎರಡನೇ ವಾರ: ಮುಚ್ಚಳ

ಬೆಂಡಿಂಗ್ ಅಂಗಡಿಯಿಂದ ಡಬ್ಬಿ ಬಂತು, ಮುಚ್ಚಳಕ್ಕೆ ನಾಲ್ಕು ಮೂಲೆಯಲ್ಲಿ ನಾಲ್ಕು ಎಂ3 ಸ್ಕ್ರೂ. ಟೈನಿಎಸ್‌ಎನಲ್ಲಿ 648 ಮೆಗಾಹರ್ಟ್ಸ್‌ನ ಗೀಟು ಮುಚ್ಚಳ ತೆಗೆದಾಗ ಎಷ್ಟಿತ್ತೋ ಹಾಕಿದಾಗಲೂ ಹೆಚ್ಚುಕಡಿಮೆ ಅಷ್ಟೇ. 4 ಡೆಸಿಬಲ್ ಇಳಿಯಿತು, ಮುಗಿಯಿತು. ಪ್ರೋಬನ್ನು ಶೀಟಿನ ನಡುವೆ ಹಿಡಿದರೆ ಏನೂ ಇಲ್ಲ, ಉದ್ದ ಅಂಚಿನ ಸಂದಿನ ಮಧ್ಯಕ್ಕೆ ತಂದರೆ ಗೀಟು ಎದ್ದು ನಿಲ್ಲುತ್ತದೆ.

ಕಾರಣ ಸರಳ. ಆಸಿಲೇಟರ್‌ನ 24 ಮೆಗಾಹರ್ಟ್ಸ್‌ನ 27ನೇ ಹಾರ್ಮೋನಿಕ್ (27 ಪಟ್ಟಿನ ಫ್ರೀಕ್ವೆನ್ಸಿ) 648. ಎರಡು ಸ್ಕ್ರೂ ನಡುವಿನ 230 ಮಿ.ಮೀ. ಸಂದು ಅರ್ಧ ತರಂಗದುದ್ದ ಆಗುವುದು 652 ಮೆಗಾಹರ್ಟ್ಸ್‌ಗೆ. ಮುಚ್ಚಳದ ಅಂಚೇ ಸ್ಲಾಟ್ ಆಂಟೆನಾ (ಸೀಳಿನಿಂದ ಅಲೆ ಸೂಸುವ ಆಂಟೆನಾ) ಆಗಿ ಕೂತಿತ್ತು. ಸಂದು ಎಷ್ಟು ಕಿರಿದು ಎಂಬುದಕ್ಕಿಂತ ಎಷ್ಟು ಉದ್ದ ಎಂಬುದೇ ಮುಖ್ಯ: ತಡೆ ಸುಮಾರಾಗಿ 20 ಲಾಗ್ (ತರಂಗದುದ್ದ ÷ ಸಂದಿನ ಉದ್ದದ ಎರಡರಷ್ಟು). 25 ಮಿ.ಮೀ.ಗೊಂದು ಸ್ಕ್ರೂ ಹಾಕಿದರೆ ಇದೇ ಫ್ರೀಕ್ವೆನ್ಸಿಯಲ್ಲಿ 19 ಡೆಸಿಬಲ್ ಸಿಗುತ್ತದೆ. 760 ಮಿ.ಮೀ. ಸುತ್ತಳತೆಗೆ 30 ಸ್ಕ್ರೂ! ಪ್ರತಿ ಸಲ ಬಿಚ್ಚಿ ಹಾಕುವವರು ಯಾರು?

ತಾತ್ಕಾಲಿಕವಾಗಿ ತಾಮ್ರದ ಟೇಪ್ ಅಂಟಿಸಿ ನೋಡುವುದು ಒಳ್ಳೆಯ ಪರೀಕ್ಷೆ, ಆದರೆ ಟೇಪಿನ ಅಂಟು ವಿದ್ಯುತ್ ಹರಿಸುವಂಥದ್ದಾಗಿರಬೇಕು. ಕರಕುಶಲ ಸಾಮಾನಿನ ಟೇಪಿನಲ್ಲಿ ಬಹಳ ಸಲ ಅದು ಇರುವುದಿಲ್ಲ. ಎರಡು ತುಂಡನ್ನು ಒಂದರ ಮೇಲೊಂದು ಅಂಟಿಸಿ ಮೀಟರ್ ಹಿಡಿದರೆ ಗೊತ್ತಾಗುತ್ತದೆ.

ಮೂರನೇ ವಾರ: ಮೇಲ್ಮೈ

ಇಲ್ಲಿ ಒಂದು ವಾರ ಪೂರ್ತಿ ಹೋಯಿತು. ಅನೋಡೈಸ್ ಮಾಡಿದ ಅಲ್ಯೂಮಿನಿಯಂ ನೋಡಲು ಲೋಹ, ಮೀಟರ್‌ಗೆ ಗಾಜು. ಪೌಡರ್ ಕೋಟಿಂಗ್ ಕೂಡ ಹಾಗೆಯೇ. ನಮ್ಮ ಡಬ್ಬಿಯ ಕೂಡುವ ಅಂಚಿಗೂ ಪೌಡರ್ ಹಾರಿ ಕೂತಿತ್ತು. ಎಮರಿ ಹಾಕಿ ಅಂಚನ್ನು ಬರಿದು ಮಾಡಿ, ಮುಚ್ಚಳದಿಂದ ಡಬ್ಬಿಗೆ 1 ಆಂಪಿಯರ್ ಹರಿಸಿ, ಬೇರೆಯೇ ಎರಡು ಪ್ರೋಬ್‌ನಿಂದ ಕೂಡಿನ ಎರಡು ಬದಿಯಲ್ಲಿ ಮಿಲಿವೋಲ್ಟ್ ಓದಿದೆವು. 1 ಮಿಲಿವೋಲ್ಟ್ ಅಂದರೆ 1 ಮಿಲಿಓಮ್. ಮೊದಲ ದಿನ 1.8. ಲೋಹಕ್ಕೆ ಲೋಹ ಕೂಡಿಸುವ ಹಳೆಯ ಮಿಲಿಟರಿ ಬಾಂಡಿಂಗ್ ರೂಢಿಯ 2.5 ಮಿಲಿಓಮ್ ಒಳಗೇ ಇತ್ತು. ಹತ್ತು ದಿನ ಬಿಟ್ಟು ಅಳೆದರೆ 11. ಬರಿದಾದ ಅಲ್ಯೂಮಿನಿಯಂ ತಾನಾಗಿಯೇ ಆಕ್ಸೈಡ್ ಹೊದ್ದುಕೊಳ್ಳುತ್ತದೆ. ಅದರ ಜೊತೆಗೆ ನಮ್ಮ ಕಡೆಯ ಕೆಂಪು ಅದಿರಿನ ದೂಳು ಸಂದಿನಲ್ಲಿ ಕೂತು ಅಂಚನ್ನು ಎತ್ತುತ್ತದೆ.

ಇದಕ್ಕೆ ಮದ್ದು ಕನ್ವರ್ಷನ್ ಕೋಟಿಂಗ್, ಅಂದರೆ ದ್ರಾವಣದಲ್ಲಿ ಲೋಹದ ಮೇಲ್ಮೈಯನ್ನೇ ತೆಳು ಪದರವಾಗಿ ಬದಲಿಸುವುದು; ಅದರ ಮಿಲಿಟರಿ ಮಾನದಂಡ ಮಿಲ್-ಡಿಟಿಎಲ್-5541. ಆರ್ಡರ್ ಕೊಡುವಾಗ ಕ್ಲಾಸ್ 3 ಎಂದು ಬರೆದೇ ಕೊಡಬೇಕು. ಕ್ಲಾಸ್ 1ಎ ತುಕ್ಕು ತಡೆಯಲು ದಪ್ಪಗೆ ಹಾಕುವುದು; ಕ್ಲಾಸ್ 3 ಸಂಪರ್ಕ ನಿರೋಧ ಕಡಿಮೆ ಇರಲೆಂದು ತೆಳ್ಳಗೆ ಹಾಕುವುದು. ಟೈಪ್ 2 ಕೇಳಿದರೆ ವಿಷಕಾರಿ ಹೆಕ್ಸಾವೇಲೆಂಟ್ ಕ್ರೋಮಿಯಂ ಇರದ ದ್ರಾವಣ. ಮನೆಯಲ್ಲಿ ಮಾಡುವ ಕೆಲಸವಲ್ಲ ಇದು. ಪೌಡರ್ ಹೊರಮೈಗೆ ಮಾತ್ರ, ಅಂಚಿಗೆ ಶಾಖ ತಾಳುವ ಮಾಸ್ಕಿಂಗ್ ಟೇಪ್.

ನಾಲ್ಕನೇ ವಾರ: ಗ್ಯಾಸ್ಕೆಟ್

30 ಸ್ಕ್ರೂ ಬದಲಿಗೆ ಸಂದನ್ನು ತುಂಬುವುದು ವಿದ್ಯುತ್ ಹರಿಸುವ ರಬ್ಬರ್ ಗ್ಯಾಸ್ಕೆಟ್. ಅಂಥವುಗಳ ಮಾನದಂಡ ಮಿಲ್-ಡಿಟಿಎಲ್-83528ರಲ್ಲಿ ಟೈಪ್ ಎ ಅಂದರೆ ಬೆಳ್ಳಿ ಲೇಪಿಸಿದ ತಾಮ್ರದ ಪುಡಿ ತುಂಬಿದ ಸಿಲಿಕೋನ್, ಟೈಪ್ ಬಿ ಅಂದರೆ ಬೆಳ್ಳಿ ಲೇಪಿಸಿದ ಅಲ್ಯೂಮಿನಿಯಂ. ನಿರೋಧದಲ್ಲಿ ಎ ಉತ್ತಮ: ಗರಿಷ್ಠ 0.004 ಓಮ್-ಸೆಂ.ಮೀ., ಬಿಗೆ 0.008. ಆದರೂ ಅಲ್ಯೂಮಿನಿಯಂ ಡಬ್ಬಿಗೆ ಬಿ. ಒದ್ದೆಯಲ್ಲಿ ತಾಮ್ರದ ಪಕ್ಕ ಕೂತ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ, ಉಪ್ಪುಗಾಳಿಯಲ್ಲಂತೂ ಬೇಗ. ಮೋನೆಲ್ (ನಿಕಲ್-ತಾಮ್ರದ ಮಿಶ್ರಲೋಹ) ಜಾಲರಿಗೂ ಇದೇ ದೋಷ. ಡೀಸೆಲ್, ಎಣ್ಣೆ ತಾಗುವ ಜಾಗವಾದರೆ ಸಿಲಿಕೋನ್ ಊದುತ್ತದೆ, ಅಲ್ಲಿ ಫ್ಲೋರೋಸಿಲಿಕೋನ್. ಬೆರಿಲಿಯಂ ತಾಮ್ರದ ಸ್ಪ್ರಿಂಗ್ ಬೆರಳುಗಳು ಪದೇಪದೇ ತೆರೆಯುವ ಬಾಗಿಲಿಗೆ ಸರಿ, ತವರ ಲೇಪ ಇರುವುದನ್ನೇ ಕೇಳಿ. ಎಮರಿ, ಫೈಲ್ ಮಾತ್ರ ತಾಗಿಸಬೇಡಿ, ಅದರ ಪುಡಿ ಶ್ವಾಸಕೋಶಕ್ಕೆ ಅಪಾಯ.

3.2 ಮಿ.ಮೀ. ದುಂಡನೆಯ ಗ್ಯಾಸ್ಕೆಟ್‌ಗೆ 2.6 ಆಳ, 3.5 ಅಗಲದ ತೋಡು (ಗ್ರೂವ್). ಒತ್ತಿದಾಗ 19 ಶೇಕಡಾ ಕುಗ್ಗುತ್ತದೆ, ತೋಡು 88 ಶೇಕಡಾ ತುಂಬುತ್ತದೆ. ತೋಡನ್ನು 3.2 ಅಗಲಕ್ಕೇ ಕೊರೆದರೆ ರಬ್ಬರಿಗೆ ಹೋಗಲು ಜಾಗ ಬಹುತೇಕ ಉಳಿಯುವುದಿಲ್ಲ; ಅದರ ಗಾತ್ರ ಕುಗ್ಗುವುದಿಲ್ಲ, ಆಕಾರ ಮಾತ್ರ ಬದಲಾಗುವುದು, ಅಳತೆ ತುಸು ತಪ್ಪಿದರೂ ಮುಚ್ಚಳ ಮೇಲೆದ್ದು ನಿಲ್ಲುತ್ತದೆ. 1.6 ಶೀಟಿನಲ್ಲಿ ತೋಡು ಕೊರೆಯಲಾಗದು, ಹಾಗಾಗಿ 6 ಮಿ.ಮೀ. ಪಟ್ಟಿಯ ಚೌಕಟ್ಟು ಸೇರಿಸಿದೆವು. 75 ಮಿ.ಮೀ.ಗೊಂದು ಸ್ಕ್ರೂ ಹಾಕಿದಾಗ ತೆಳು ಮುಚ್ಚಳ ನಡುವೆ ಬಿಲ್ಲಿನಂತೆ ಬಾಗಿತು, 3 ಮಿ.ಮೀ. ಮುಚ್ಚಳ ಹಾಕಿದ ಮೇಲೆ 648ರ ಗೀಟು ನಾಯ್ಸ್ ಮಟ್ಟಕ್ಕೆ ಮುಳುಗಿತು.

ಗ್ಯಾಸ್ಕೆಟ್ ಅಂಟಿಸಲು ವಿನೆಗರ್ ವಾಸನೆಯ ಸಿಲಿಕೋನ್ ಬೇಡ. ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಡಬ್ಬಿಯೊಳಗಿನ ತಾಮ್ರ ಹಸಿರಾಗುತ್ತದೆ.

ಐದನೇ ವಾರ: ತಂತಿ, ಗಾಳಿ

ಗಾಳಿಕಿಂಡಿ ಕೈಬಿಟ್ಟೆವು. 12 ಮಿ.ಮೀ. ದಪ್ಪದ ಪ್ಲೇಟಿನಲ್ಲಿ 4 ಮಿ.ಮೀ. ತೂತು ಕೊರೆದರೆ ಒಂದೊಂದಕ್ಕೂ 96 ಡೆಸಿಬಲ್ ತಡೆ ಲೆಕ್ಕಕ್ಕೆ ಸಿಗುತ್ತದೆ, ಆದರೆ ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಗಾಳಿ ಒಳಗೆ ಬಂದು ಏನು ತಂಪು ಮಾಡೀತು? ತರುವುದು ದೂಳನ್ನೇ. ಮಾಡ್ಯೂಲ್ 1 ಆಂಪಿಯರ್ ಕೊಡುವಾಗ ಸುಡುವುದು ಸುಮಾರು 1.25 ವ್ಯಾಟ್. ಥರ್ಮಲ್ ಪ್ಯಾಡ್ ಇಟ್ಟು ಗೋಡೆಗೆ ಒತ್ತಿದರೆ ಸಾಕು.

ಉಳಿದಿರುವುದು ಕೇಬಲ್. ಕೇಬಲ್‌ನ ಹೊರಗಿನ ಶೀಲ್ಡನ್ನು ಹೆಣೆದು 50 ಮಿ.ಮೀ. ಬಾಲ ಮಾಡಿ ಬೋಲ್ಟಿಗೆ ಕಟ್ಟಿದ್ದೆವು. ಅಷ್ಟು ತಂತಿಗೆ ಸುಮಾರು 50 ನ್ಯಾನೋಹೆನ್ರಿ, 100 ಮೆಗಾಹರ್ಟ್ಸ್‌ನಲ್ಲಿ 31 ಓಮ್. ಶೀಲ್ಡನ್ನು ಸುತ್ತಲೂ ಹಿಡಿಯುವ ಲೋಹದ ಗ್ಲ್ಯಾಂಡ್ (ಕೇಬಲ್ ಒಳಬರುವ ತೂತಿನ ಹಿಡಿಕೆ) ಬರಬೇಕಿದೆ. 12 ವೋಲ್ಟ್ ತಂತಿಗೆ 4.7 ನ್ಯಾನೋಫ್ಯಾರಡ್ ಫೀಡ್‌ಥ್ರೂ ಕೆಪಾಸಿಟರ್ (ಗೋಡೆ ದಾಟುವ ತಂತಿಯ ಗದ್ದಲವನ್ನು ಡಬ್ಬಿಯ ಲೋಹಕ್ಕೇ ಇಳಿಸುವಂಥದ್ದು) ಕೂರಿಸಿದ್ದೇವೆ. ಅದರ ನಟ್ ಕೆಳಗಿನ ಪೌಡರ್ ಕೆರೆಯುವುದು ಇನ್ನೂ ಬಾಕಿ.