ಬರೀ ತಿನ್ನೋಕೆ ಅಂತ ಹೋಗೋದಾದ್ರೆ ಎಲ್ಲಿಗೆ?

"ಅಷ್ಟು ಊರು ತಿರುಗಿದ್ದೀಯಲ್ಲ, ಬರೀ ತಿನ್ನೋಕೆ ಅಂತ ಒಂದು ಕಡೆ ಹೋಗೋದಾದ್ರೆ ಎಲ್ಲಿಗೆ ಹೋಗ್ಲಿ?" ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗಲೂ ಯಾರಾದರೂ ಇದನ್ನು ಕೇಳುತ್ತಾರೆ. ಟೋಕಿಯೋ, ಇಸ್ತಾಂಬುಲ್ ಅಂತೇನೋ ಹೇಳ್ತೀನಿ ಅಂತ ಕಾಯುತ್ತಿರುತ್ತಾರೆ. ನಾನು ಪೆನಾಂಗ್ ಅನ್ನುತ್ತೇನೆ. "ಅದೆಲ್ಲಿದೆ?" ಅನ್ನೋದು ಮುಂದಿನ ಪ್ರಶ್ನೆ.

ಮಲೇಷ್ಯಾದ ವಾಯವ್ಯ ಕರಾವಳಿಯಲ್ಲಿರುವ ದ್ವೀಪ ಅದು, ಅಲ್ಲಿನ ಊರು ಜಾರ್ಜ್‌ಟೌನ್. 1786ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಲೈಟ್ ಅಲ್ಲಿ ಬಂದರು ಮಾಡಿದ ಮೇಲೆ ಚೀನಾದವರು, ತಮಿಳರು, ಸುತ್ತಲಿನ ಮಲಯರು ಎಲ್ಲ ಬಂದು ಸೇರಿದರು. ಬಂದವರು ತಮ್ಮ ತಮ್ಮ ಒಲೆಯನ್ನೂ ತಂದರು. ಹಳೇ ಪೇಟೆ 2008ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದೆ. ಕಟ್ಟಡ ನೋಡುವವರು ನೋಡಲಿ, ನಾವು ತಳ್ಳುಗಾಡಿ ಕಡೆ ಹೋಗೋಣ.

ಅಲ್ಲಿ ನನಗೆ ಜಾಸ್ತಿ ಇಷ್ಟವಾಗಿದ್ದು ಏನೆಂದರೆ, ಒಂದು ಗಾಡಿಯವರು ಹೆಚ್ಚಾಗಿ ಒಂದೇ ತಿಂಡಿ ಮಾಡುತ್ತಾರೆ. ಮೆನು ಅಂತ ಇರೋದೇ ಇಲ್ಲ. ನಾನು ನಿಂತು ನೋಡಿದ ಒಬ್ಬ ಅಜ್ಜ 'ಚಾರ್ ಕ್ವೇ ತಿಯೋ' ಮಾಡುತ್ತಿದ್ದರು. ಅಕ್ಕಿಯ ಅಗಲ ಶಾವಿಗೆ, ಸಿಗಡಿ, ಮೊಳಕೆ ಕಾಳು, ಮೊಟ್ಟೆ, ಸೋಯಾ ಸಾಸು, ಇಷ್ಟೇ ಸಾಮಾನು. ಆದರೆ ಇದ್ದಿಲ ಒಲೆ ಮೇಲೆ ಬಾಣಲೆ ಹೊಗೆಯಾಡುವಷ್ಟು ಕಾಯಬೇಕು, ಒಂದು ಸಲಕ್ಕೆ ಒಂದೇ ಪ್ಲೇಟ್. ಹತ್ತು ಜನ ಕಾಯ್ತಿದ್ದರೂ ಎರಡು ಪ್ಲೇಟಿನದು ಒಟ್ಟಿಗೆ ಹಾಕಲಿಲ್ಲ ಪುಣ್ಯಾತ್ಮ. ಜಾಸ್ತಿ ಹಾಕಿದರೆ ಬಾಣಲೆ ತಣ್ಣಗಾಗುತ್ತದೆ, ಶಾವಿಗೆ ಹುರಿಯೋ ಬದಲು ಬೇಯುತ್ತದೆ, ಆ ಸುಟ್ಟ ಘಮ ಬರೋದಿಲ್ಲ. (ಚೀನೀ ಗಾಡಿಗಳಲ್ಲಿ ಹಂದಿ ಕೊಬ್ಬು ಹಾಕೋದು ಮಾಮೂಲು. ತಿನ್ನದವರು ಮೊದಲೇ ಕೇಳಿಕೊಳ್ಳಿ.)

ಮಂಗಳೂರು ಕಡೆಯವರಾದರೆ ನೀವು ಹೋಗಬೇಕಾದ್ದು 'ಆಸಮ್ ಲಕ್ಸಾ' ಗಾಡಿಗೆ. ಆಸಮ್ ಅಂದರೆ ಹುಳಿ. ಬಂಗುಡೆಯನ್ನು ಬೇಯಿಸಿ, ಮುಳ್ಳು ತೆಗೆದು, ಪುಡಿ ಮಾಡಿ ಹುಣಸೆ ಹುಳಿಯ ಸಾರಿಗೆ ಹಾಕುತ್ತಾರೆ. ಜೊತೆಗೆ ಒಣಗಿಸಿದ ಇನ್ನೊಂದು ಹುಳಿಯ ಬಿಲ್ಲೆಯೂ ಬೀಳುತ್ತದೆ, ಅದು ನಮ್ಮ ಪುನರ್ಪುಳಿ, ಉಪ್ಪಾಗೆಯ ಜಾತಿಯದೇ. ದಪ್ಪ ಅಕ್ಕಿ ಶಾವಿಗೆ ಮೇಲೆ ಆ ಸಾರು, ಪುದೀನ, ಅನಾನಸ್ ಚೂರು, ಸಣ್ಣಗೆ ಹೆಚ್ಚಿದ ಈರುಳ್ಳಿ, ಕೊನೆಗೆ ಒಂದು ಚಮಚ ಕಪ್ಪು ಸಿಗಡಿ ಸಾಸು. ಮೊದಲ ಗುಟುಕಿಗೆ ಬಂಗುಡೆ ಪುಳಿಮುಂಚಿ ನೆನಪಾಗುತ್ತದೆ, ಎರಡನೆಯದಕ್ಕೆ ಅಲ್ಲ ಇದು ಬೇರೆಯೇ ಅನ್ನಿಸುತ್ತದೆ.

ನಾಸಿ ಕಾಂದಾರ್ ವಿಷಯದಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ತಮಿಳು ಮುಸ್ಲಿಮರು ಹಿಂದೆ ಹೆಗಲ ಮೇಲೆ ಕಾವಡಿ ಹೊತ್ತು ಮಾರುತ್ತಿದ್ದ ಅನ್ನ-ಸಾರು ಇದು. 'ಕುವಾ ಬಂಜಿರ್' ಅಂದರೆ ಸಾರಿನ ನೆರೆಯೇ ಬರುತ್ತದೆ, ನಾಲ್ಕೈದು ಬಗೆಯ ಸಾರು ಅನ್ನದ ಮೇಲೆ ಒಂದರ ಮೇಲೊಂದು. ಬಂದ ದಿನ ಮಧ್ಯಾಹ್ನವೇ ಮೀನು, ಕೋಳಿ, ಬೆಂಡೆಕಾಯಿ ಎಲ್ಲ ಹಾಕಿಸಿಕೊಂಡು ಕೂತೆ. ರಾತ್ರಿ ಬೀದಿ ತುಂಬ ಗಾಡಿಗಳು, ನನ್ನ ಹೊಟ್ಟೆಯಲ್ಲಿ ಒಂದು ಟೀಗೂ ಜಾಗ ಇಲ್ಲ!

"ಅದೆಲ್ಲ ಸರಿ, ನಾವು ಸಸ್ಯಾಹಾರಿಗಳು" ಅನ್ನೋರಿಗೆ ನಮ್ಮತ್ತೆ ಕತೆ ಹೇಳಬೇಕು. ಒಂದು ಹೋಟೆಲಿನಲ್ಲಿ ಮಾಂಸ ಬೇಡ ಅಂತ ಹೇಳಿ ಸೊಪ್ಪಿನ ಪಲ್ಯ ತರಿಸಿದೆ. ಅರ್ಧ ತಿಂದ ಮೇಲೆ ಅತ್ತೆ, "ಏನೋ ಒಣಮೀನಿನ ವಾಸನೆ ಅಲ್ವಾ?" ಅಂದರು. ಬೆಲಚಾನ್ ಅದು, ಕೊಳೆಯಿಸಿ ಒಣಗಿಸಿದ ಸಿಗಡಿ ಹಿಟ್ಟು. ಅಲ್ಲಿನವರ ಲೆಕ್ಕದಲ್ಲಿ ಅದು ಮಾಂಸ ಅಲ್ಲ, ನಾವು ಇಂಗು ಹಾಕೋ ಹಾಗೆ ಹಾಕುತ್ತಾರೆ. ಅತ್ತೆ ರಾತ್ರಿವರೆಗೆ ನನ್ನ ಜೊತೆ ಮಾತಾಡಲಿಲ್ಲ. ಮಾರನೇ ದಿನ ಬೌದ್ಧರ ಸಸ್ಯಾಹಾರಿ ಹೋಟೆಲಿಗೆ ಕರೆದುಕೊಂಡು ಹೋದೆ. ಅಲ್ಲಿ ಈರುಳ್ಳಿ-ಬೆಳ್ಳುಳ್ಳಿಯೂ ಇಲ್ಲ ಅಂತ ಗೊತ್ತಾದ ಮೇಲೆ ಮುಖ ಅರಳಿತು, ಸೋಯಾದಲ್ಲಿ ಮಾಡಿದ 'ಮೀನು' ಟೇಬಲ್ಲಿಗೆ ಬಂದಾಗ ಮತ್ತೆ ಬಾಡಿತು. ಚೀನೀ ಪಂಚಾಂಗದ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ, ಹೆಚ್ಚುಕಡಿಮೆ ನಮ್ಮ ನವರಾತ್ರಿ ಹೊತ್ತಿಗೆ, ಒಂಬತ್ತು ಚಕ್ರವರ್ತಿ ದೇವರ ಹಬ್ಬ ಇರುತ್ತದೆ. ಆಗ ಸಸ್ಯಾಹಾರದ ಗಾಡಿಗಳು ಹಳದಿ ಬಾವುಟ ಕಟ್ಟಿಕೊಂಡು ಸಾಲಾಗಿ ನಿಂತಿರುತ್ತವೆ. ಸಸ್ಯಾಹಾರಿಗಳು ಆ ದಿನ ನೋಡಿಕೊಂಡೇ ಟಿಕೆಟ್ ಮಾಡಿಸಿ. ಉಳಿದ ದಿನಕ್ಕೆ ಲಿಟಲ್ ಇಂಡಿಯಾ ಇದ್ದೇ ಇದೆ, ಆದರೆ ಇಡ್ಲಿ-ದೋಸೆಗೆ ಅಷ್ಟು ದೂರ ಯಾಕೆ ಹೋಗ್ತೀರಿ?

ಹೋಗೋದು ಕಷ್ಟವೇನಿಲ್ಲ. ಕ್ವಾಲಾಲಂಪುರದಿಂದ ರೈಲಿನಲ್ಲಿ ಬಟರ್‌ವರ್ತ್, ಅಲ್ಲಿಂದ ಫೆರ್ರಿ. 2023ರ ಡಿಸೆಂಬರ್‌ನಿಂದ ಭಾರತೀಯರು 30 ದಿನದ ಪ್ರವಾಸಕ್ಕೆ ವೀಸಾ ಇಲ್ಲದೆ ಹೋಗೋ ಹಾಗೆ ಮಾಡಿದ್ದಾರೆ, ಹೊರಡುವ ಮುಂಚೆ ನಿಯಮ ಇನ್ನೊಮ್ಮೆ ನೋಡಿಕೊಳ್ಳಿ. ನಾಲ್ಕು ದಿನವಾದರೂ ಇರಿ. ಒಂದು ಪ್ಲೇಟ್ ತಗೊಂಡು ಇಬ್ಬರು ಹಂಚಿಕೊಳ್ಳಿ. ಸಾಮಾನು ಖಾಲಿಯಾದರೆ ಗಾಡಿಯವರು ಮನೆಗೆ ಹೋಗ್ತಾರೆ, ಗೂಗಲ್ ಏನೇ ಟೈಮ್ ತೋರಿಸಲಿ.

ಅಂದ ಹಾಗೆ ಅತ್ತೆ ಕೊನೆಗೂ ಸಮಾಧಾನವಾಗಿದ್ದು ಚೆಂಡೋಲ್ ಕುಡಿದ ಮೇಲೆ. ಅಕ್ಕಿ ಹಿಟ್ಟನ್ನು ಹಸಿರು ಎಲೆಯ ರಸದಲ್ಲಿ ಕಾಯಿಸಿ, ಜರಡಿಯಲ್ಲಿ ಒತ್ತಿ, ತೆಂಗಿನ ಹಾಲು ಮತ್ತು ತಾಳೆ ಬೆಲ್ಲ ಹಾಕಿ, ಮೇಲೆ ಹೆರೆದ ಐಸು ಕೊಡುತ್ತಾರೆ. ಬಿಸಿಲಲ್ಲಿ ನಿಂತು ಬಟ್ಟಲು ಖಾಲಿ ಮಾಡಿ ಅಂದರು: "ನಮ್ಮ ಒತ್ತು ಶಾವಿಗೆ ಕಾಯಿಹಾಲೇ ಕಣೋ. ಇವರು ಐಸ್ ಹಾಕಿದ್ದಾರೆ ಅಷ್ಟೇ. ಇನ್ನೊಂದು ಹೇಳು."